ನೊರೆ ಸತ್ತಾಗ ಕೈಕಟ್ಟಿ ನಿಲ್ಲುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ದೊಡ್ಡ ಶೆಡ್ಡಿನೊಳಗೆ ಎರಡು ಸಾಲಾಗಿ ನಿಂತ ಕಬ್ಬಿಣದ ತೊಟ್ಟಿಗಳು ಒಂದೇ ಸಮನೆ ಗುಡುಗುಡು ಎನ್ನುತ್ತಿವೆ. ಮೊದಲ ತೊಟ್ಟಿಯ ಅಂಚಿಗೆ ಹೊಟ್ಟೆ ಒತ್ತಿ ಬಗ್ಗಿರುವ ನೊರೆಯಕ್ಕ ಟಾರ್ಚನ್ನು ಓರೆಯಾಗಿ ಹಿಡಿದು ನೊರೆಯ ಮೇಲೆ ಬೆಳಕು ಹಾಯಿಸುತ್ತಿದ್ದಾರೆ. ಬೂದು ಬಣ್ಣದ ನೊರೆ ಉಬ್ಬುತ್ತದೆ, ಅಂಚಿಗೆ ಬರುತ್ತದೆ, ಮುಂದಿನ ಕಾಲುವೆಗೆ ತುಳುಕುತ್ತದೆ. ಅವರು ಕೈಗವಸು ಕಳಚಿ ಅದರಲ್ಲಿ ಒಂದಿಷ್ಟನ್ನು ಅಂಗೈಗೆ ಎತ್ತಿಕೊಂಡು ಮೆಲ್ಲಗೆ ಊದುತ್ತಾರೆ. ಗುಳ್ಳೆಗಳು ಒಡೆದ ಮೇಲೆ ಕೈಯಲ್ಲಿ ಉಳಿಯುವುದು ಹಿತ್ತಾಳೆಯ ಛಾಯೆಯಿರುವ ಕಪ್ಪು ಹುಡಿ. ಅದೇ ತಾಮ್ರದ ಅದಿರು. ಊರಿಗೆ ಊರೇ ಉಣ್ಣುತ್ತಿರುವುದು ಆ ಹುಡಿಯಿಂದ.

“ಇವತ್ತು ಮೈ ಸರಿಯಿದೆ,” ಎನ್ನುತ್ತಾರೆ, ಕೂಸಿನ ಹಣೆ ಮುಟ್ಟಿ ನೋಡಿದ ತಾಯಿಯ ದನಿಯಲ್ಲಿ. “ಎಣ್ಣೆ ಇಲ್ಲ. ಇದ್ದಿದ್ರೆ ಗುಳ್ಳೆ ಮೇಲೆ ಬಣ್ಣಬಣ್ಣದ ಪೊರೆ ಕಾಣ್ತಿತ್ತು. ನೋಡೋಕೆ ಬಹಳ ಚೆಂದ. ಅಷ್ಟು ಚೆಂದದ್ದು ಕಣ್ಣಿಗೆ ಬೀಳದೇ ಇರ್ಲಿ ಅಂತ ದಿನಾ ಬೇಡ್ಕೋತೀನಿ.”

ಅವರ ನಿಜವಾದ ಹೆಸರು ಹಾಜರಿ ಹಾಕುವವನಿಗೆ ಬಿಟ್ಟರೆ ಇಲ್ಲಿ ಯಾರಿಗೂ ನೆನಪಿಲ್ಲ. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರಿಗೂ ಅವರು ನೊರೆಯಕ್ಕ. ವಯಸ್ಸು ನಲವತ್ತೊಂಬತ್ತು. ಸುಣ್ಣದ ನೀರಿನಲ್ಲಿ ನೆನೆದು ನೆನೆದು ಬೆರಳ ಸಂದುಗಳು ಬಿರಿದಿವೆ. ಮುಷ್ಟಿ ಕಟ್ಟಿದರೆ ಅಲ್ಲಲ್ಲಿ ರಕ್ತ ಜಿನುಗುತ್ತದೆ. ಮಂಡಿ ಮಾತು ಕೇಳುವುದಿಲ್ಲ. ಎಂಟು ಗಂಟೆಯ ಪಾಳಿಯಲ್ಲಿ ಹದಿನಾರು ತೊಟ್ಟಿಗಳ ಮುಂದೆ ಅರ್ಧ ಗಂಟೆಗೊಮ್ಮೆ ಹೋಗಿಬರಬೇಕು. ಕೂರಲು ಒಂದು ಸ್ಟೂಲು ಕೊಟ್ಟಿದ್ದಾರೆ, ಅದರ ಒಂದು ಕಾಲು ಗಿಡ್ಡ. “ಕೂತ್ರೆ ಬೀಳ್ತೀನಿ, ನಿಂತ್ರೆ ನೋಯುತ್ತೆ. ಅದಕ್ಕೆ ನಡೀತಾನೇ ಇರ್ತೀನಿ,” ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅದಿರು ಬೇರ್ಪಡಿಸುವ ಈ ಕಾರ್ಖಾನೆಯ ವ್ಯವಹಾರ ಹೊರಗಿನವರಿಗೆ ತಲೆಕೆಳಗಾಗಿ ಕಾಣುತ್ತದೆ. ಗಣಿಯಿಂದ ಬಂದ ಕಲ್ಲನ್ನು ಮಿಲ್ಲಿನಲ್ಲಿ ನೀರು ಹಾಕಿ ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತಾರೆ. ಆ ರಾಡಿಗೆ ಸುಣ್ಣ, ಕೊಳೆತ ಕೋಸಿನಂತೆ ನಾರುವ ಒಂದು ಔಷಧಿ, ನೊರೆ ಎಬ್ಬಿಸುವ ಇನ್ನೊಂದು ಮದ್ದು ಬೆರೆಸಿ ತೊಟ್ಟಿಗಳಿಗೆ ಬಿಟ್ಟು ಅಡಿಯಿಂದ ಗಾಳಿ ಊದುತ್ತಾರೆ. ಬೇಕಾದ ತಾಮ್ರ ಗುಳ್ಳೆಗೆ ಅಂಟಿಕೊಂಡು ಮೇಲೆ ತೇಲುತ್ತದೆ. ಬೇಡದ ಕಲ್ಲು ತಳದಲ್ಲೇ ಉಳಿದು ಕೆಸರಿನ ಕೆರೆಗೆ ಹರಿಯುತ್ತದೆ. ಅಂದರೆ ಇಷ್ಟು ದೊಡ್ಡ ಕಾರ್ಖಾನೆ, ಅದರ ಲಾರಿಗಳು, ಅದರ ಸಾಹೇಬರು, ಎಲ್ಲರೂ ನಿಂತಿರುವುದು ಒಂದು ಗುಳ್ಳೆಯ ಮೇಲೆ.

ಗುಳ್ಳೆಗೆ ಎಣ್ಣೆ ಕಂಡರಾಗದು. ಜಿಡ್ಡು ಬಾಣಲೆ ತಿಕ್ಕುವಾಗ ಸೋಪಿನ ನೊರೆ ಸರ್ರನೆ ಇಳಿದು ಹೋಗುವುದನ್ನು ಪಾತ್ರೆ ತೊಳೆದವರೆಲ್ಲ ಕಂಡಿದ್ದಾರೆ. ಇಲ್ಲಿ ಆಗುವುದೂ ಅದೇ. ಯಂತ್ರದ ಎಣ್ಣೆಯೋ ಗ್ರೀಸೋ ಡೀಸೆಲ್ಲೋ ರಾಡಿಗೆ ಸೇರಿದರೆ ಉಬ್ಬಿ ನಿಂತ ನೊರೆ ನೋಡನೋಡುತ್ತ ಕುಸಿಯುತ್ತದೆ. ಹಿಡಿದುಕೊಂಡಿದ್ದ ತಾಮ್ರವನ್ನು ಕೈಬಿಡುತ್ತದೆ. ಸಾಲದೆಂಬಂತೆ ಬೇಡದ ಕಲ್ಲಿನ ಹುಡಿಗೂ ಎಣ್ಣೆ ಸವರಿ, ಅದೂ ದೊಡ್ಡಮನುಷ್ಯನಂತೆ ಮೇಲೆ ತೇಲಿ ಬರುತ್ತದೆ. ಇದಕ್ಕೆ ಶೆಡ್ಡಿನವರು ‘ನೊರೆ ಸತ್ತಿತು’ ಎನ್ನುತ್ತಾರೆ.

ಅದಕ್ಕೇ ಈ ಶೆಡ್ಡಿಗೆ ಒಂದು ಕಟ್ಟಳೆ ಇದೆ. ಪಾಳಿಗೆ ಬರುವವರು ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಕೈಗೆ ಮುಲಾಮು ಸವರುವಂತಿಲ್ಲ. ಬಾಗಿಲಲ್ಲಿ ಬೋರ್ಡು ಹಾಕಿದ್ದಾರೆ, ಕಾವಲಿನವನು ತಲೆ ನೋಡಿಯೇ ಒಳಗೆ ಬಿಡುತ್ತಾನೆ. ಹದಿನಾರು ತೊಟ್ಟಿಗಳ ಮುಂದೆ ತಲೆಯ ಎಣ್ಣೆ ಎಷ್ಟರ ಲೆಕ್ಕ ಎಂದು ಕೇಳಿದರೆ ಬೋರ್ಡು ತೋರಿಸುತ್ತಾರೆ. ನೊರೆಯಕ್ಕನ ಕೂದಲು ಒಣಹುಲ್ಲಾಗಿದೆ, ಬಿರಿದ ಕೈ ಬಿರಿದಂತೆಯೇ ಇದೆ. ಆದರೆ ಅದೇ ಬೋರ್ಡಿನಿಂದ ಇಪ್ಪತ್ತು ಹೆಜ್ಜೆ ನಡೆದು ಮಿಲ್ಲಿನ ಬಳಿ ಹೋದರೆ, ಗೇರ್‌ಬಾಕ್ಸಿನ ಅಡಿಯಲ್ಲಿ ಒಂದು ತಗಡಿನ ಡಬ್ಬಿ ಕಾಣುತ್ತದೆ. ಎಣ್ಣೆ ಹೊರಬರದಂತೆ ತಡೆಯಬೇಕಾದ ರಬ್ಬರಿನ ಸೀಲು ಸವೆದು, ಅಲ್ಲಿಂದ ಎಣ್ಣೆ ತೊಟ್ಟಿಕ್ಕಿ ಅದರಲ್ಲಿ ತುಂಬುತ್ತದೆ. ಪಾಳಿಗೆ ಎರಡು ಸಲ ಫಿಟ್ಟರು ಬಂದು ಅದನ್ನು ಖಾಲಿ ಮಾಡುತ್ತಾನೆ. ಡಬ್ಬಿ ಉಕ್ಕಿದರೆ ಎಣ್ಣೆ ನೆಲಕ್ಕೆ, ನೆಲದ ನೀರಿನ ಜತೆ ಶೆಡ್ಡಿನ ಮಧ್ಯದ ಆಳದ ಗುಂಡಿಗೆ, ಗುಂಡಿಯ ಪಂಪಿನಿಂದ ನೇರ ರಾಡಿಗೆ. ಹೆಂಗಸಿನ ಜಡೆಗೆ ಕಾವಲುಗಾರ, ಗೇರ್‌ಬಾಕ್ಸಿಗೆ ಡಬ್ಬಿ. ನ್ಯಾಯ ಹೀಗಿದೆ.

“ಸೀಲು ಬದಲಾಯಿಸೋಕೆ ಮಿಲ್ಲು ಎರಡು ದಿನ ನಿಲ್ಲಿಸ್ಬೇಕು,” ಎನ್ನುತ್ತಾನೆ ಫಿಟ್ಟರು, ಕೈ ಒರೆಸಿಕೊಳ್ಳುತ್ತ. “ನಿಲ್ಲಿಸೋರು ಯಾರು? ನಾನು ಹೇಳಿ ಹೇಳಿ ನಾಲಿಗೆ ಸವೀತು. ಸೀಲಿಗಿಂತ ಮೊದಲು ಅದೇ ಸವೀತು ನೋಡಿ.”

ಈ ಗುಂಡಿಯಲ್ಲೇ ಆರು ವರ್ಷದ ಹಿಂದೆ ನೊರೆಯಕ್ಕನ ಗಂಡ ಸತ್ತರು.

ಅವರೂ ಇದೇ ತೊಟ್ಟಿಗಳ ಮುಂದೆ ನಿಂತು ಹದಿನೆಂಟು ವರ್ಷ ದುಡಿದವರು. ಆ ದಿನ ಗೇರ್‌ಬಾಕ್ಸಿನ ಎಣ್ಣೆ ರಾಡಿಗಿಳಿದು ಅವರ ಪಾಳಿಯಲ್ಲಿ ನೊರೆ ಕುಸಿಯಿತು. ನೊರೆ ಕುಸಿದರೆ ಯಾರಿಗಾದರೂ ಮೊದಲು ತೋಚುವುದು ನೊರೆ ಮದ್ದಿನ ವಾಲ್ವನ್ನು ಇನ್ನಷ್ಟು ತಿರುಗಿಸುವುದು. ಅವರು ತಿರುಗಿಸಿದರು. ಏಳಲಿಲ್ಲ. ಮತ್ತೆ ತಿರುಗಿಸಿದರು. ಎಣ್ಣೆ ಇರುವ ತನಕ ಮದ್ದು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ. ಆದರೆ ಎಣ್ಣೆ ಹರಿದು ಮುಗಿದ ಮೇಲೆ ಹಾಕಿದ ಮದ್ದೆಲ್ಲ ಒಂದೇ ಸಲಕ್ಕೆ ಎದ್ದಿತು. ನೊರೆ ತೊಟ್ಟಿ ದಾಟಿ, ಕಾಲುವೆ ದಾಟಿ, ನೆಲದ ಮೇಲೆ ಸೊಂಟದೆತ್ತರ ಬಂತು. ವಾಲ್ವು ಮುಚ್ಚಲು ಅವರು ನೊರೆಯೊಳಗೇ ನುಗ್ಗಿದರು. ಗುಂಡಿಯ ಜಾಲರಿ ಮುಚ್ಚಳಗಳಲ್ಲಿ ಒಂದನ್ನು ಬೆಳಿಗ್ಗೆ ಪೈಪು ಇಳಿಸಲು ಯಾರೋ ತೆಗೆದವರು ಮತ್ತೆ ಹಾಕಿರಲಿಲ್ಲ. ನೊರೆಯಡಿಯಲ್ಲಿ ಅದು ಕಾಣುವುದಾದರೂ ಹೇಗೆ? ನೊರೆ ಇಳಿದ ಮೇಲೆ ಅವರು ಸಿಕ್ಕರು.

ವಿಚಾರಣೆ ನಡೆಯಿತು. ಕೆಲಸಗಾರ ಗಾಬರಿಬಿದ್ದು ನಿಗದಿಗಿಂತ ಹೆಚ್ಚು ಮದ್ದು ಬಿಟ್ಟದ್ದೇ ಅವಘಡಕ್ಕೆ ಕಾರಣ ಎಂದು ತೀರ್ಮಾನವಾಯಿತು. ಎಣ್ಣೆಯ ಮಾತು ವರದಿಯ ಅಡಿಯಲ್ಲೆಲ್ಲೋ ಒಂದು ಸಾಲಾಗಿ ಬಂದು ಹೋಯಿತು. ಗಂಡನ ಜಾಗದಲ್ಲಿ ಹೆಂಡತಿಗೆ ಕೆಲಸ ಕೊಟ್ಟರು, ಅದೂ ವರ್ಷಕ್ಕೊಮ್ಮೆ ಮುಂದುವರಿಸುವ ಕರಾರಿನ ಮೇಲೆ. ಕೆಲಸವಿದ್ದರೆ ಕಾರ್ಖಾನೆಯ ಎರಡು ಕೋಣೆಯ ಮನೆ ಇರುತ್ತದೆ, ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮನೆಯಲ್ಲಿರುವುದು ಇಬ್ಬರೇ, ನೊರೆಯಕ್ಕ ಮತ್ತು ಗಂಡನ ತಾಯಿ.

ಸಾವು ಅಲ್ಲಿಗೆ ಮುಗಿದಿದ್ದರೆ ಹೇಗೋ ಬದುಕಬಹುದಿತ್ತು. ಮುಗಿಯಲಿಲ್ಲ. ಹೊಸದಾಗಿ ಸೇರುವವರಿಗೆ ಎರಡು ತಿಂಗಳಿಗೊಮ್ಮೆ ಸುರಕ್ಷತೆಯ ಪಾಠ ನಡೆಯುತ್ತದೆ. ಆ ಪಾಠದಲ್ಲಿ ಅವರ ಗಂಡ ಒಂದು ಉದಾಹರಣೆ. ಹೆಸರು ಹೇಳುವುದಿಲ್ಲ, ‘ಒಬ್ಬ ಕೆಲಸಗಾರ’ ಎನ್ನುತ್ತಾರೆ. ಪರದೆಯ ಮೇಲೆ ಒಂದು ಕಾರ್ಟೂನು ಓಡುತ್ತದೆ. ದಪ್ಪ ಮೂಗಿನ ಮನುಷ್ಯ ವಾಲ್ವನ್ನು ಗಿರಗಿರನೆ ತಿರುಗಿಸುತ್ತಾನೆ, ನೊರೆ ಏರುತ್ತದೆ, ಅವನ ಟೋಪಿ ತೇಲುತ್ತದೆ, ಅವನು ಗುಳುಂ ಎಂದು ಮುಳುಗುತ್ತಾನೆ. ಪಾಠದ ಕೋಣೆಗೂ ಹೆಂಗಸರು ಬಟ್ಟೆ ಬದಲಿಸುವ ಕೋಣೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ನೊರೆಯಕ್ಕ ಬೂಟು ಬಿಚ್ಚುತ್ತ ಕೂತಾಗ ಗೋಡೆಯ ಆಚೆಯಿಂದ ನಗು ಕೇಳುತ್ತದೆ.

“ಟೋಪಿ ತೇಲೋ ಹೊತ್ತಿಗೆ ನಗ್ತಾರೆ,” ಎನ್ನುತ್ತಾರೆ ಅವರು. “ಪ್ರತಿಸಲ ಅಲ್ಲೇ. ಅವರ ತಪ್ಪಲ್ಲ ಬಿಡಿ, ಪಾಪ ಮಕ್ಕಳು, ನಗ್ಲಿ ಅಂತಲೇ ಮಾಡಿರೋದು. ಆದ್ರೆ ನಗೋದು ನಮ್ಮನೆಯವರನ್ನ ನೋಡಿ ಅಲ್ವಾ?”

ಈ ನಗು ಮನೆಯವರೆಗೂ ಬಂತು. ಪಕ್ಕದ ಮನೆಯವನು ಕೆಲಸಕ್ಕೆ ಸೇರಿದ ಮೊದಲ ದಿನವೇ ನಲ್ಲಿಯ ಹತ್ತಿರ ನಿಂತು, ಕೊಡ ಹಿಡಿದವರ ಮುಂದೆ ಆ ಕಾರ್ಟೂನಿನ ಅಭಿನಯ ಮಾಡಿ ತೋರಿಸಿದ. ಗುಳುಂ ಎಂದು ಮುಳುಗಿಯೂ ತೋರಿಸಿದ. ಸಾಲಿನಲ್ಲಿ ನಿಂತಿದ್ದವರಲ್ಲಿ ನೊರೆಯಕ್ಕನ ಅತ್ತೆಯೂ ಒಬ್ಬರು. ಅದು ತನ್ನ ಮಗನೆಂದು ಅವರಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರು ನೀರು ಹಿಡಿಯದೆ ಖಾಲಿ ಕೊಡದೊಂದಿಗೆ ಮನೆಗೆ ಬಂದರು. ಅಂದಿನಿಂದ ನಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಅತ್ತೆಗೆ ಎಪ್ಪತ್ತೈದು ದಾಟಿದೆ. ಕಣ್ಣು ಮಂಜಾಗಿದ್ದರೂ ನಾಲಿಗೆ ಇನ್ನೂ ಹರಿತವಾಗಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತ, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ,” ಎನ್ನುತ್ತಾರೆ. “ನನ್ನ ಮಗ ಪೆದ್ದ ಅಲ್ಲ. ಪೆದ್ದ ಆಗಿದ್ರೆ ಹದಿನೆಂಟು ವರ್ಷ ಇಟ್ಕೊಳ್ತಿದ್ರಾ? ಇವಳೂ ಅವನನ್ನ ಪೆದ್ದ ಅಂತಲೇ ಅಂದ್ಕೊಂಡಿದ್ಲು, ಕೇಳಿ ಬೇಕಾದ್ರೆ. ಬಾಯಿಬಿಟ್ಟು ಅನ್ನಲಿಲ್ಲ ಅಷ್ಟೇ. ನನಗೇನು ಗೊತ್ತಾಗಲ್ವಾ?”

ಸೊಸೆ ತಲೆ ತಗ್ಗಿಸುತ್ತಾರೆ. ಅತ್ತೆ ಹೇಳಿದ್ದು ಸುಳ್ಳಲ್ಲ. ಐದು ವರ್ಷ ಅವರೂ ಹಾಗೆಯೇ ನಂಬಿದ್ದರು. ಕೆಲಸಕ್ಕೆ ಸೇರಿದ ಮೇಲೆ ಶೆಡ್ಡಿನ ಹಳಬರು ಅವರಿಗೆ ಕಲಿಸಿದ ಮೊದಲ ಪಾಠವೇ ‘ನೊರೆ ಸತ್ತರೆ ವಾಲ್ವು ಮುಟ್ಟಬೇಡ, ಕೈಕಟ್ಟಿ ನಿಲ್ಲು, ಎಣ್ಣೆ ಎಲ್ಲಿಂದ ಬಂತು ನೋಡು’ ಎಂಬುದು. ಇಷ್ಟು ಸುಲಭದ ಮಾತು ಹದಿನೆಂಟು ವರ್ಷದ ಅನುಭವಸ್ಥನಿಗೆ ಹೊಳೆಯಲಿಲ್ಲವೇ ಎಂದು ಅವರೊಳಗೆ ಗಂಡನ ಮೇಲೆ ಸಿಟ್ಟು ಕುದಿಯುತ್ತಿತ್ತು. ಗೋಡೆಯ ಮೇಲಿನ ಫೋಟೋದ ಧೂಳು ಒರೆಸುವಾಗಲೂ ಕುದಿಯುತ್ತಿತ್ತು. ಯಾಕೆ ಕೈ ಹಾಕಿದ್ರಿ? ಸುಮ್ಮನೆ ನಿಲ್ಲೋಕೆ ಆಗ್ತಿರ್ಲಿಲ್ವಾ? ಅತ್ತೆ ಸೊಸೆ ಎರಡು ಕೋಣೆಯ ಮನೆಯಲ್ಲಿ ಐದು ವರ್ಷ ಉಪ್ಪು ಹುಳಿಯ ಮಾತು ಬಿಟ್ಟು ಬೇರೆ ಆಡದೆ ಕಳೆದರು. ಮಗ ಹೇಗೆ ಸತ್ತ ಎಂದು ತಾಯಿ ಕೇಳಲಿಲ್ಲ. ಕೇಳಿದ್ದರೂ ಸೊಸೆಯ ಬಾಯಲ್ಲಿದ್ದದ್ದು ಕಾರ್ಖಾನೆಯ ಉತ್ತರವೇ.

ಸೊಸೆಯ ಆ ನಂಬಿಕೆ ಬದಲಾದದ್ದು ಹೋದ ವರ್ಷ ಒಂದು ಮಧ್ಯಾಹ್ನ.

ನೆಲ ತೊಳೆಯುತ್ತಿದ್ದವನ ಪೈಪು ತಗುಲಿ ಗೇರ್‌ಬಾಕ್ಸಿನ ಅಡಿಯ ಡಬ್ಬಿ ಉರುಳಿತು. ತುಂಬಿದ ಡಬ್ಬಿ. ಯಾರೂ ನೋಡಲಿಲ್ಲ, ಮಿಲ್ಲಿನ ಸದ್ದಿನಲ್ಲಿ ಕೇಳಲೂ ಇಲ್ಲ. ಎಣ್ಣೆ ಗುಂಡಿಗಿಳಿಯಿತು, ಪಂಪು ಅದನ್ನು ಎತ್ತಿ ರಾಡಿಗೆ ಸುರಿಯಿತು. ಸ್ವಲ್ಪ ಹೊತ್ತಿನಲ್ಲಿ ನೊರೆಯಕ್ಕನ ಕಣ್ಣೆದುರು ಮೊದಲ ತೊಟ್ಟಿಯ ನೊರೆ ಮುಖ ಬಾಡಿಸಿತು. ಗುಳ್ಳೆಗಳು ಗಾಜಿನಂತೆ ತೆಳ್ಳಗಾಗಿ ಪಟಪಟ ಒಡೆದವು. ಎರಡನೆಯದು ಹೋಯಿತು, ಮೂರನೆಯದು ಹೋಯಿತು. ನೊರೆ ಇದ್ದ ಜಾಗದಲ್ಲಿ ಬರೀ ಬೂದು ನೀರು ಕುದಿಯತೊಡಗಿತು.

“ಆಗ ನೋಡ್ತೀನಿ, ನನ್ನ ಕೈ ವಾಲ್ವಿನ ಮೇಲಿದೆ,” ಎನ್ನುತ್ತಾರೆ ನೊರೆಯಕ್ಕ. “ನಾನು ಇಟ್ಟಿದ್ದಲ್ಲ. ಅದೇ ಹೋಗಿ ಕೂತಿದೆ. ಅರ್ಧ ಸುತ್ತು ತಿರುಗಿಸಿಯೂ ಆಗಿದೆ! ಐದು ವರ್ಷ ದಿನಾ ಬಾಯಿಪಾಠ ಮಾಡಿದ್ದು ಎಲ್ಲಿ ಹೋಯ್ತೋ. ನಿಮ್ಮ ಕಣ್ಣೆದುರು ಒಂದು ಜೀವ ಹೋಗ್ತಿದ್ರೆ ಬಾಯಿಗೆ ನೀರು ಬಿಡ್ತೀರೋ ಇಲ್ವೋ? ನೀರು ಕುಡಿಸಬಾರದು ಅಂತ ಡಾಕ್ಟರು ಹೇಳಿರಬಹುದು. ಕೈ ಕೇಳಲ್ಲ.”

ಅವರು ವಾಲ್ವನ್ನು ಇದ್ದ ಜಾಗಕ್ಕೆ ತಂದು, ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದು ನಿಂತರು. ಗಂಡ ನಿಂತಿದ್ದ ಜಾಗವೇ ಅದು. ಅವರ ಕೈಯನ್ನೇ ಮುಟ್ಟಿದ ಹಾಗಾಯಿತು ಎನ್ನುತ್ತಾರೆ. ಐದು ವರ್ಷದ ಸಿಟ್ಟು ಅಲ್ಲಿ ನಿಂತ ನಿಲುವಿನಲ್ಲೇ ಕರಗಿತು. ಅದರ ಜಾಗದಲ್ಲಿ ಬಂದದ್ದು ಸಮಾಧಾನವಲ್ಲ, ಇನ್ನೂ ದೊಡ್ಡ ಸಂಕಟ. ಇಷ್ಟು ದಿನ ಇವರನ್ನ ನಾನೂ ಬೈದೆನಲ್ಲಾ ಎಂಬ ಸಂಕಟ.

ಆದರೆ ಅಳುತ್ತ ನಿಲ್ಲುವ ಹೊತ್ತು ಅದಾಗಿರಲಿಲ್ಲ. ಎಣ್ಣೆ ಇನ್ನೂ ಬರುತ್ತಿತ್ತು. ನಿಯಮದ ಪ್ರಕಾರ ಕಂಟ್ರೋಲ್ ರೂಮಿಗೆ ಫೋನು ಮಾಡಬೇಕು. ಮಾಡಿದರು. “ಸ್ವಲ್ಪ ಮದ್ದು ಜಾಸ್ತಿ ಮಾಡಿ ನೋಡಮ್ಮ, ಈಗ ಮಿಲ್ಲು ನಿಲ್ಲಿಸೋಕಾಗಲ್ಲ,” ಎಂದಿತು ಆ ಕಡೆಯ ದನಿ. ಪಾಠದ ಕೋಣೆಯಲ್ಲಿ ಮಾಡಬೇಡ ಎಂದು ನಗಿಸಿ ನಗಿಸಿ ಹೇಳುವುದನ್ನೇ ಫೋನಿನಲ್ಲಿ ಮಾಡು ಎಂದು ಹೇಳುತ್ತಿದ್ದಾರೆ! ನೊರೆಯಕ್ಕ ಫೋನು ಇಟ್ಟರು. ಗೋಡೆಯ ಸ್ವಿಚ್ಚು ಒತ್ತಿ ಗುಂಡಿಯ ಪಂಪು ನಿಲ್ಲಿಸಿದರು. ಆದರೆ ಎಣ್ಣೆ ಬೆರೆತ ರಾಡಿ ಮಿಲ್ಲಿನಿಂದ ತೊಟ್ಟಿಗಳಿಗೆ ಬರುತ್ತಲೇ ಇತ್ತು. ಅವರು ಕಲ್ಲು ಹೊತ್ತು ತರುವ ಬೆಲ್ಟಿನ ಪಕ್ಕ ಉದ್ದಕ್ಕೂ ಕಟ್ಟಿರುವ ಕೆಂಪು ಹಗ್ಗದ ಹತ್ತಿರ ಹೋದರು. ಆ ಹಗ್ಗ ಎಳೆದರೆ ಬೆಲ್ಟು, ಮಿಲ್ಲು ಎಲ್ಲ ನಿಲ್ಲುತ್ತವೆ. ಅದನ್ನು ಎಳೆಯಬೇಕಾದದ್ದು ಮನುಷ್ಯ ಯಂತ್ರಕ್ಕೆ ಸಿಕ್ಕಿಕೊಂಡಾಗ ಮಾತ್ರ. ಸುಮ್ಮನೆ ಎಳೆದವರು ಮನೆಗೆ ಹೋಗುತ್ತಾರೆ. ನೊರೆಯಕ್ಕನಿಗಾದರೆ ಹೋಗಲು ಆ ಮನೆಯೂ ಉಳಿಯುವುದಿಲ್ಲ.

ಎಳೆದರು. ಇಡೀ ಶೆಡ್ಡು ಉಸಿರು ನಿಂತಂತೆ ಸ್ತಬ್ಧವಾಯಿತು. ಪಾಳಿಯ ಸಾಹೇಬರು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದು ಬಂದರು. ಮುಖ ಬಿಳಿಚಿತ್ತು.

“ಯಾರು ಸಿಕ್ಕಿಕೊಂಡ್ರು?”

“ಇನ್ನೂ ಯಾರೂ ಇಲ್ಲ ಸಾರ್.”

ಆ ಉತ್ತರಕ್ಕೆ ಮೂರು ದಿನ ಅವರನ್ನು ಮನೆಯಲ್ಲಿ ಕೂರಿಸಿದರು. ಉದ್ಧಟತನ ಎಂದರು. ಆ ಮೂರು ದಿನ ಅತ್ತೆ ಸಾಮಾನು ಕಟ್ಟಲು ಶುರು ಮಾಡಿದ್ದರು, ಹಿತ್ತಾಳೆಯ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಮೂಲೆಗಿಟ್ಟಿದ್ದರು. ಫಿಟ್ಟರು ಉರುಳಿದ ಡಬ್ಬಿಯನ್ನು ಸಾಹೇಬರ ಮೇಜಿನ ಮೇಲೆಯೇ ಒಯ್ದಿಟ್ಟು, ನಾನೇ ಸಾಕ್ಷಿ ಎಂದು ಹಟ ಹಿಡಿದ. ಗುಂಡಿಯ ನೀರಿನ ಮೇಲೆ ಎಣ್ಣೆ ಕೆನೆಯಂತೆ ನಿಂತಿರುವುದನ್ನು ದೊಡ್ಡ ಸಾಹೇಬರು ಬಂದು ನೋಡಿದರು. ಲೆಕ್ಕ ಹಾಕಿದರು. ಹಗ್ಗ ಎಳೆಯದಿದ್ದರೆ ಆ ದಿನದ ತಾಮ್ರವೆಲ್ಲ ಕೆಸರಿನ ಕೆರೆಗೆ ಹೋಗುತ್ತಿತ್ತು ಎಂದು ತಿಳಿದಾಗ ಉದ್ಧಟತನ ರಾತ್ರೋರಾತ್ರಿ ಸಮಯಪ್ರಜ್ಞೆಯಾಯಿತು. ನೊರೆಯಕ್ಕನನ್ನು ಕರೆದು ಚಪ್ಪಾಳೆ ತಟ್ಟಿ ಒಂದು ಸ್ಟೀಲಿನ ಫ್ಲಾಸ್ಕು ಕೊಟ್ಟರು. ಕರಾರು ಉಳಿಯಿತು. ಗೇರ್‌ಬಾಕ್ಸಿಗೂ ನ್ಯಾಯ ಸಿಕ್ಕಿತು. ಹಳೆಯ ಡಬ್ಬಿ ತೆಗೆದು ಅದರ ಎರಡರಷ್ಟು ದೊಡ್ಡ ಡಬ್ಬಿ ಇಟ್ಟು, ಉರುಳದಂತೆ ಸರಪಳಿ ಕಟ್ಟಿದರು. ಸೀಲು ಹಾಗೆಯೇ ಇದೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾಲ್ಕು ಜನ ಓದಿ ಭೇಷ್ ಎನ್ನಬಹುದಿತ್ತು. ಮುಂದಿನ ಪಾಠದ ದಿನ ನೊರೆಯಕ್ಕ ಎಂದಿನಂತೆ ಬೂಟು ಬಿಚ್ಚುತ್ತ ಕೂತಿದ್ದರು. ಗೋಡೆಯ ಆಚೆ ಟೋಪಿ ತೇಲಿತು, ನಗು ಬಂತು. ಆದರೆ ಪಾಠ ಅಲ್ಲಿಗೆ ನಿಲ್ಲಲಿಲ್ಲ. ತರಬೇತಿ ಮೇಷ್ಟ್ರ ದನಿ ಮುಂದುವರಿಯಿತು. ಈಗ ನೋಡಿ, ಅದೇ ಜಾಗ, ಅದೇ ಸಮಸ್ಯೆ, ಆದರೆ ಈ ಹೆಣ್ಣುಮಗಳು ಗಾಬರಿಯಾಗಲಿಲ್ಲ, ವಾಲ್ವು ಮುಟ್ಟಲಿಲ್ಲ. ತಮಾಷೆ ಏನು ಗೊತ್ತಾ, ಆಕೆ ಆ ಕೆಲಸಗಾರನ ಹೆಂಡತಿ! ಗಂಡ ಮಾಡಿದ ತಪ್ಪಿನಿಂದ ಹೆಂಡತಿ ಬುದ್ಧಿ ಕಲಿತಳು. ಈ ಸಲ ನಗು ಜೋರಾಗಿತ್ತು, ಯಾರೋ ಚಪ್ಪಾಳೆಯನ್ನೂ ಹೊಡೆದರು.

ನೊರೆಯಕ್ಕ ಒಂದು ಕಾಲಿನ ಬೂಟು ಬಿಚ್ಚಿದವರು ಇನ್ನೊಂದನ್ನು ಬಿಚ್ಚದೆ ಬಹಳ ಹೊತ್ತು ಕೂತರು. ಗಂಡನಿಗೆ ಬರೆ ಹಾಕಲು ಈಗ ಅವರ ಕೈಯಲ್ಲೇ ಸೌಟು ಕೊಟ್ಟಂತಾಗಿತ್ತು.

ಮೇಷ್ಟ್ರು ಕೆಟ್ಟವರಲ್ಲ. ಊಟದ ಹೊತ್ತಿನಲ್ಲಿ ನೊರೆಯಕ್ಕ ಹೋಗಿ ಮುಂದೆ ನಿಂತಾಗ ಕೈಯಲ್ಲಿದ್ದ ಚಮಚ ಕೆಳಗಿಟ್ಟು ಎದ್ದರು.

“ನಾನು ವಾಲ್ವು ಮುಟ್ಟಿದ್ದೆ ಮೇಷ್ಟ್ರೇ,” ಎಂದರು ನೊರೆಯಕ್ಕ. “ಮುಟ್ಟಲಿಲ್ಲ ಅಂತ ಹೇಳ್ಬೇಡಿ. ಅರ್ಧ ಸುತ್ತು ತಿರುಗಿಸಿಯೂ ಇದ್ದೆ.”

“ಅದನ್ನ ಹೇಳಿದ್ರೆ ಪಾಠ ಕೆಡುತ್ತೆ ಅಕ್ಕ.”

“ಕೆಡ್ಲಿ. ಆ ಪಾಠದಲ್ಲಿ ಎಣ್ಣೆ ಎಲ್ಲಿದೆ? ಕಾರ್ಟೂನಿನಲ್ಲಿ ಮೊದಲು ಕಾಣೋದೇ ಅವರ ಕೈ. ಅದಕ್ಕೂ ಮುಂಚೆ ಏನಾಯ್ತು ಅಂತ ಯಾಕಿಲ್ಲ? ಗೇರ್‌ಬಾಕ್ಸ್ ಯಾಕಿಲ್ಲ? ಮುಚ್ಚಳ ತೆಗೆದಿಟ್ಟವರು ಯಾಕಿಲ್ಲ?”

ಮೇಷ್ಟ್ರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. “ಅದು ಮೇಲಿಂದ ಬರುತ್ತೆ ಅಕ್ಕ, ನಾನು ಪರದೆ ಮೇಲಿದ್ದದ್ದನ್ನ ಓದೋನು. ಒಂದು ಅಕ್ಷರ ಬದಲಾಯಿಸೋ ಹಾಗಿಲ್ಲ. ನಿಮ್ಮ ಕರಾರು ಮುಗಿಯೋಕೆ ಇನ್ನು ಮೂರೇ ತಿಂಗಳಲ್ವಾ? ಸುಮ್ನಿದ್ದುಬಿಡಿ.” ಚಮಚ ಮತ್ತೆ ಕೈಗೆತ್ತಿಕೊಂಡು ಹೇಳಿದರು: “ಮುಂದಿನ ಸಲ ಪಾಠ ಆದ್ಮೇಲೆ ಹೊಸಬರನ್ನ ಶೆಡ್ಡು ತೋರಿಸೋಕೆ ಕರ್ಕೊಂಡು ಬರ್ತೀನಿ. ಅಲ್ಲಿ ಪರದೆ ಇರಲ್ಲ.”

ಅಷ್ಟು ಸಾಕಾಗಿತ್ತು.

ಮೊನ್ನೆ ಹೊಸಬರ ಗುಂಪು ಬಂದಿದೆ. ಒಂದೂ ಗೀರಿಲ್ಲದ ಹೊಸ ಹೆಲ್ಮೆಟ್ಟು, ಮಡಿಕೆ ಬಿಚ್ಚದ ಹೊಸ ಬಟ್ಟೆ. ಕಾರ್ಟೂನಿನ ಗುಂಗಿನಲ್ಲೇ ಇರುವ ಒಬ್ಬ ವಾಲ್ವನ್ನು ಕಂಡು ಪಕ್ಕದವನ ಪಕ್ಕೆ ತಿವಿಯುತ್ತಾನೆ. ಮೇಷ್ಟ್ರು ನೊರೆಯಕ್ಕನ ಕಡೆ ನೋಡಿ, ನನಗೊಂದು ಫೋನು ಬಂದಿದೆ ಎಂದು ಹೊರಗೆ ಹೋಗುತ್ತಾರೆ. ಫೋನು ಅವರ ಜೇಬಿನಲ್ಲೇ ಇದೆ, ಅದು ಸದ್ದನ್ನೇ ಮಾಡಿಲ್ಲ.

ನೊರೆಯಕ್ಕ ಅವರನ್ನು ವಾಲ್ವಿನ ಹತ್ತಿರ ನಿಲ್ಲಿಸುವುದಿಲ್ಲ. ನೇರ ಮಿಲ್ಲಿನ ಕಡೆ ನಡೆಸಿಕೊಂಡು ಹೋಗಿ ಗೇರ್‌ಬಾಕ್ಸಿನ ಅಡಿಗೆ ಬಗ್ಗಿಸುತ್ತಾರೆ. “ಬೆರಳು ಹಿಡೀರಿ,” ಎನ್ನುತ್ತಾರೆ. ಒಬ್ಬೊಬ್ಬರ ಬೆರಳ ಮೇಲೂ ಒಂದೊಂದು ತೊಟ್ಟು ಎಣ್ಣೆ ಬೀಳುತ್ತದೆ. ಅಲ್ಲಿಂದ ಎಣ್ಣೆ ಹರಿಯುವ ದಾರಿಯಲ್ಲೇ ಅವರನ್ನು ಕರೆತರುತ್ತಾರೆ. ನೆಲ, ಗುಂಡಿ, ಪಂಪು, ತೊಟ್ಟಿ. ಗುಂಡಿಯ ಮುಚ್ಚಳಗಳನ್ನು ಒಂದೊಂದಾಗಿ ಕಾಲಿನಿಂದ ಒತ್ತಿ ತೋರಿಸುತ್ತಾರೆ. ವಾಲ್ವು ಬರುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿ ನಿಂತು, ನಾನು ಅರ್ಧ ಸುತ್ತು ತಿರುಗಿಸಿದ್ದೆ, ಅವರು ಎರಡು ಮೂರು ಸುತ್ತು ತಿರುಗಿಸಿದ್ದರು, ಇಷ್ಟೇ ವ್ಯತ್ಯಾಸ ಎನ್ನುತ್ತಾರೆ.

“ಅವರು ಅಂದ್ರೆ ಯಾರು ಅಕ್ಕ?” ಪಕ್ಕೆ ತಿವಿದವನೇ ಕೇಳುತ್ತಾನೆ.

“ನಮ್ಮ ಯಜಮಾನ್ರು. ನೀವು ಈಗ ನೋಡಿ ಬಂದ್ರಲ್ಲ, ಅವರೇ. ಅವರ ಮೂಗು ಅಷ್ಟು ದಪ್ಪ ಇರ್ಲಿಲ್ಲ.”

ತೊಟ್ಟಿಗಳು ಗುಡುಗುಡು ಎನ್ನುತ್ತಲೇ ಇವೆ. ಹುಡುಗ ಎಣ್ಣೆ ಬಿದ್ದ ಬೆರಳನ್ನು ಹೊಸ ಅಂಗಿಗೆ ಒರೆಸಲು ಹೋಗಿ, ಒರೆಸದೆ ಹಾಗೆಯೇ ಹಿಡಿದು ನಿಲ್ಲುತ್ತಾನೆ.

ಈ ಸುದ್ದಿ ಸಾಹೇಬರ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು? ಮುಂದಿನ ತಿಂಗಳು ಕರಾರು ಉಳಿಯುತ್ತದೋ ಇಲ್ಲವೋ ನೊರೆಯಕ್ಕನಿಗೆ ಗೊತ್ತಿಲ್ಲ. ಉಳಿಯಲಾರದು ಎಂದೇ ಫಿಟ್ಟರು ಹೇಳುತ್ತಾನೆ, ಅವನ ಮಾತು ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ. 

ಅಂದು ಪಾಳಿ ಮುಗಿಸಿ ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ಕೂತಿದ್ದಾರೆ. ಹೊಸಬರು ಬಂದ ದಿನ ಯಾವುದೆಂದು ಆ ಮುದಿಜೀವಕ್ಕೆ ಯಾರೂ ಹೇಳಬೇಕಾಗಿಲ್ಲ, ಸೊಸೆ ಚಪ್ಪಲಿ ಬಿಡುವ ರೀತಿಯಲ್ಲೇ ತಿಳಿಯುತ್ತದೆ. ಆದರೆ ಇವತ್ತು ಚಪ್ಪಲಿಯ ಸದ್ದು ಬೇರೆ ಥರ ಇದೆ.

“ಏನಾಯ್ತೇ?”

“ಹೊಸಬರಿಗೆ ಇವರ ಕತೆ ನಾನೇ ಹೇಳ್ದೆ ಅತ್ತೆ. ಯಾರೂ ನಗ್ಲಿಲ್ಲ.”

ಅತ್ತೆ ಮಂಜುಗಣ್ಣಿನಿಂದ ಸೊಸೆಯ ಮುಖ ಎಲ್ಲಿದೆ ಎಂದು ಹುಡುಕುತ್ತಾರೆ. ಆಮೇಲೆ ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿ ಜಾಗ ಮಾಡುತ್ತಾರೆ.

“ಬಾ, ಕೂತ್ಕೋ. ನನಗೂ ಹೇಳು. ನಾನು ಅವನ ಹೆತ್ತವಳು, ನನಗೆ ಯಾರೂ ಸರಿಯಾಗಿ ಹೇಳೇ ಇಲ್ಲ.”

ನೊರೆಯಕ್ಕ ಕೂರುತ್ತಾರೆ. ಬಿರಿದ ಕೈಯನ್ನು ಅತ್ತೆಯ ಕೈಯೊಳಗೆ ಇಡುತ್ತಾರೆ.

“ಮಿಲ್ಲಿನ ಗೇರ್‌ಬಾಕ್ಸಿಗೆ ಒಂದು ಸೀಲು ಇತ್ತು ಅತ್ತೆ,” ಎಂದು ಶುರು ಮಾಡುತ್ತಾರೆ. “ಅದು ಸವೆದಿತ್ತು.”